ವೈಫೈ ಬ್ರಿಡ್ಜ್‌ನಲ್ಲಿ ಡೌನ್‌ಲೋಡ್ ಚೆನ್ನಾಗಿದೆ, ಅಪ್‌ಲೋಡ್ ಮಾತ್ರ ಯಾಕೆ ನಿಧಾನ?

ನಿಮ್ಮದು ಮೈಸೂರಿನ ಕುವೆಂಪುನಗರದ ಮನೆ. ಕೆಳಗೆ ಮೇನ್ ರೂಟರ್, ಮಹಡಿಯ ರೂಮಿನಲ್ಲಿ ಬ್ರಿಡ್ಜ್ ಆಗಿ, ಅಂದರೆ ಕೆಳಗಿನ ವೈಫೈ ಹಿಡಿದು ಮೇಲೆ ಕೊಡುವ ಹಾಗೆ, ಹಳೇ ರೂಟರ್. ಮೇಲೆ ಡೌನ್‌ಲೋಡ್ 40 ಎಂಬಿಪಿಎಸ್, ಅಪ್‌ಲೋಡ್ ಬರೀ 2, ಅಲ್ವಾ?

ಮೊದಲು ಲ್ಯಾಪ್‌ಟಾಪನ್ನು ಕೆಳಗಿನ ರೂಟರಿಗೆ ಕೇಬಲ್‌ನಲ್ಲಿ ನೇರವಾಗಿ ಹಾಕಿ ನೋಡಿ. ಅಲ್ಲೂ 2 ಬಂದರೆ ಬ್ರಿಡ್ಜ್‌ದು ಪಾಪ ಏನೂ ತಪ್ಪಿಲ್ಲ, ಇಂಟರ್‌ನೆಟ್ ಕೊಟ್ಟವರಿಗೆ ಫೋನ್ ಮಾಡಿ.

ಕೆಳಗೆ ಸರಿಯಿದ್ದರೆ ತೊಂದರೆ ನಡುವಿನ ವೈಫೈಯಲ್ಲಿದೆ. ಡೌನ್‌ಲೋಡ್ ಆಗುವಾಗ ಕೆಳಗಿನ ರೂಟರ್ ಮಾತಾಡುತ್ತದೆ, ಮೇಲಿನದು ಕೇಳಿಸಿಕೊಳ್ಳುತ್ತದೆ. ಅಪ್‌ಲೋಡ್‌ನಲ್ಲಿ ಉಲ್ಟಾ. ಮೇಲಿನದರ ದನಿ ಸಣ್ಣದಾಗಿದ್ದರೆ, ಇಲ್ಲವೇ ಕೆಳಗಿನದರ ಪಕ್ಕದಲ್ಲೇ ಗಲಾಟೆ ಇದ್ದರೆ ಅಪ್‌ಲೋಡ್ ಮಾತ್ರ ಕುಂಟುತ್ತದೆ.

ನಮ್ಮ ಮನೆಯಲ್ಲಿ ಆಗಿದ್ದು ಇದೇ. ದಸರೆಗೆ ಗೊಂಬೆ ಕೂರಿಸುವಾಗ ಕೆಳಗಿನ ರೂಟರನ್ನು ಟಿವಿ ಹಿಂದಕ್ಕೆ ತಳ್ಳಿದ್ದೆವು. ಹಬ್ಬ ಮುಗಿದು ಗೊಂಬೆಗಳು ಪೆಟ್ಟಿಗೆ ಸೇರಿದರೂ ಅದು ಅಲ್ಲೇ ಇತ್ತು, ಟಿವಿಗೆ ಹಾಕಿದ್ದ ಯುಎಸ್‌ಬಿ 3 ಹಾರ್ಡ್ ಡಿಸ್ಕಿಗೆ ಅಂಟಿಕೊಂಡು. ಅಂಥ ಡಿಸ್ಕ್ ಮತ್ತು ಅದರ ಕೇಬಲ್ ವೈಫೈ ಬಳಸುವ 2.4 ಗಿಗಾಹರ್ಟ್ಸ್ ಸುತ್ತಮುತ್ತಲೇ ಗದ್ದಲ ಎಬ್ಬಿಸುತ್ತವೆ. ರೂಟರನ್ನು ಎರಡು ಮೊಳ ಈಚೆಗೆ ಎಳೆದಿದ್ದಕ್ಕೇ ಅಪ್‌ಲೋಡ್ 3ರಿಂದ 11ಕ್ಕೆ ಏರಿತು. ಅದಕ್ಕೂ ಮುಂಚೆ ನಾನು ಸುಮ್ನೆ ಎರಡು ದಿನ ಸೆಟ್ಟಿಂಗ್ ಕೆದಕಿದ್ದೆ!

ಆಮೇಲೆ 2.4 ಗಿಗಾಹರ್ಟ್ಸ್ ವೈಫೈಯ ಚಾನೆಲ್. 1, 6, 11ರಲ್ಲಿ ಅಕ್ಕಪಕ್ಕದ ಮನೆಯವರ ಕಾಟ ಕಡಿಮೆ ಇರುವುದನ್ನು ಆರಿಸಿ, ಅಗಲ 20 ಮೆಗಾಹರ್ಟ್ಸ್ ಇಡಿ. ಮೇಲಿನ ರೂಟರಿನಲ್ಲಿ ಟ್ರಾನ್ಸ್‌ಮಿಟ್ ಪವರ್ (ಸಿಗ್ನಲ್ ಕಳಿಸುವ ಬಲ) ಕಡಿಮೆ ಇದ್ದರೆ ಏರಿಸಿ. ಯಾವುದಕ್ಕೆ ಎಷ್ಟು ವೇಗ ಅಂತ ಹಂಚುವ ಕ್ಯೂಒಎಸ್ ಸೆಟ್ಟಿಂಗ್‌ನಲ್ಲಿ ಯಾವತ್ತೋ ಹಾಕಿಟ್ಟ ಅಪ್‌ಲೋಡ್ ಮಿತಿ ಇದೆಯಾ ಅಂತಲೂ ನೋಡಿ. ಹಳೇ ರೂಟರಿನಲ್ಲಿ ಇದು ಜಾಸ್ತಿ ಸಿಗುತ್ತದೆ.