ಮನೆಯಲ್ಲೇ ಮಕ್ಕಳಿಗೆ ಏನೇನು ಕಲಿಸಬೇಕು?

ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು, "ಬೇಡ" ಅನ್ನುವ ಧೈರ್ಯ. ಮೂರ್ನಾಲ್ಕು ವರ್ಷಕ್ಕೇ ಸ್ನಾನ ಮಾಡಿಸುವಾಗ ಮೈಯ ಪ್ರತಿ ಭಾಗದ ಹೆಸರನ್ನೂ ಸಂಕೋಚವಿಲ್ಲದೆ ಹೇಳಿಕೊಡಿ. ಚಡ್ಡಿ ಮುಚ್ಚುವ ಜಾಗವನ್ನು ಬೇರೆಯವರು ಮುಟ್ಟಬಾರದು. ಅಪ್ಪ ಅಮ್ಮ ತೊಳೆಯುವಾಗ, ಡಾಕ್ಟರು ನಿಮ್ಮ ಎದುರೇ ನೋಡುವಾಗ ಮಾತ್ರ ಪರವಾಗಿಲ್ಲ. ಮಕ್ಕಳಿಗೆ ಇಂಥ ತೊಂದರೆ ಕೊಡುವವರು ಬಹುತೇಕ ಪರಿಚಯದವರೇ. ಹಾಗಾಗಿ "ಗುರುತಿಲ್ಲದವರ ಜೊತೆ ಹೋಗಬೇಡ" ಅಂದರೆ ಸಾಲದು. ನೆಂಟರು ಬಂದಾಗ "ಮಾಮನಿಗೆ ಮುತ್ತು ಕೊಡು ಪುಟ್ಟಾ" ಅಂತ ಬಲವಂತ ಮಾಡುತ್ತೇವಲ್ಲ, ಅದನ್ನು ದಯವಿಟ್ಟು ಬಿಡಿ. ಮಗು ಹಿಂಜರಿದರೆ ನಮಸ್ಕಾರ ಸಾಕು. "ಅಮ್ಮನಿಗೆ ಹೇಳಬೇಡ" ಅಂತ ಯಾರೇ ಅಂದರೂ ಬಂದು ಹೇಳಬೇಕು. ಹೇಳಿದರೆ ಬೈಯುವುದಿಲ್ಲ ಅನ್ನೋದು ಮಗುವಿಗೆ ಖಾತ್ರಿ ಇರಬೇಕು. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಜೊತೆಗೆ ನಿಮ್ಮಿಬ್ಬರ ಮೊಬೈಲ್ ನಂಬರು ಬಾಯಿಪಾಠ ಆಗಿರಲಿ.

ಸ್ವಲ್ಪ ದೊಡ್ಡವರಾದ ಮೇಲೆ ಅಡುಗೆಮನೆ. ಗ್ಯಾಸ್ ವಾಸನೆ ಜಾಸ್ತಿ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಹಾಕೋದೂ ಬೇಡ, ಆರಿಸೋದೂ ಬೇಡ, ಕಿಡಿ ಹಾರಬಹುದು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಹತ್ತಿರ ನಿಲ್ಲುತ್ತದೆ. ಅದಕ್ಕೇ ಕಿಟಕಿ ಮಾತ್ರವಲ್ಲ, ಬಾಗಿಲನ್ನೂ ತೆರೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಬೇಕು. ರೆಗ್ಯುಲೇಟರ್ ಆಫ್ ಮಾಡೋದನ್ನು ಮಗನಿಗೂ ಮಗಳಿಗೂ ಅವರ ಕೈಯಲ್ಲೇ ಮಾಡಿಸಿ ತೋರಿಸಿ.

ತಟ್ಟೆ ತೊಳೆಯೋದು, ಹಾಸಿಗೆ ಮಡಚೋದು ಇವೆಲ್ಲ ನೋಡುತ್ತಾ ನೋಡುತ್ತಾ ಬರುತ್ತದೆ, ಮನೆಯಲ್ಲಿ ಅಪ್ಪನೂ ಮಾಡುತ್ತಿದ್ದರೆ.