ಗಾಳಿ ಕಮ್ಮಿ ಇದ್ದರೂ ಊರು ಮುಳುಗಿದ್ದು ಯಾಕೆ?

ಪ್ರಶ್ನೆ: 2024ರ ಫೆಂಗಲ್ ಚಂಡಮಾರುತದ ಗಾಳಿ ಗಂಟೆಗೆ 70–80 ಕಿ.ಮೀ. ಅಷ್ಟೇ ಇತ್ತಂತೆ. ಆದರೂ ಪುದುಚೇರಿ ಅಷ್ಟೊಂದು ಮುಳುಗಿದ್ದು ಹೇಗೆ? ನನ್ನ ಮಗಳು ಅಲ್ಲೇ ಕೆಲಸದಲ್ಲಿದ್ದಾಳೆ. ಮುಂದಿನ ಸಲ ಏನು ಗಮನಿಸಬೇಕು? – ಓದುಗರೊಬ್ಬರು, ತುಮಕೂರು

ಉತ್ತರ: ಗಾಳಿಯ ವೇಗ ಬೇರೆ, ಚಂಡಮಾರುತ ನಡೆಯುವ ವೇಗ ಬೇರೆ. ಟಿವಿಯಲ್ಲಿ ಮೊದಲನೆಯದನ್ನೇ ಜಾಸ್ತಿ ಹೇಳ್ತಾರೆ, ಊರು ಮುಳುಗಿಸುವುದು ಎಷ್ಟೋ ಸಲ ಎರಡನೆಯದು. ಚಂಡಮಾರುತವನ್ನು ಮುಂದೆ ತಳ್ಳುವುದು ಮೇಲಿನ ಆಕಾಶದ ಗಾಳಿ. ಆ ಗಾಳಿಯೇ ಸೋತರೆ ಅದು ನಿಂತಲ್ಲೇ ಸುತ್ತುತ್ತದೆ.

ಫೆಂಗಲ್ ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿ, ಅಲ್ಲೇ ಗಂಟೆಗಟ್ಟಲೆ ನಿಂತುಬಿಟ್ಟಿತು. ಪಕ್ಕದಲ್ಲೇ ಸಮುದ್ರ ಇದ್ದದ್ದರಿಂದ ತೇವಕ್ಕೆ ಬರವೇ ಇರಲಿಲ್ಲ. 24 ಗಂಟೆಯಲ್ಲಿ 46 ಸೆಂ.ಮೀ.ಗೂ ಜಾಸ್ತಿ ಮಳೆ ಸುರಿಯಿತು. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವ ಮಳೆಯ ಹತ್ತಿರಹತ್ತಿರ ಅರ್ಧ ಅದು. ಇನ್ನೂ ಹತ್ತಿರದಿಂದ ನೋಡಿ: 30×40 ಅಡಿಯ ಒಂದೇ ಸೈಟಿನ ಮೇಲೆ ಬಿದ್ದ ನೀರೇ ಐವತ್ತೊಂದು ಸಾವಿರ ಲೀಟರ್. ಅಂದರೆ ಒಂದು ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕು ಐವತ್ತೊಂದು. ಬೀದಿಯ ಪ್ರತಿ ಸೈಟಿನ ಮೇಲೂ ಅಷ್ಟು ಸುರಿದರೆ ಯಾವ ಮೋರಿ ತಾನೇ ತಡೆದೀತು, ಹೇಳಿ.

2017ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಾರ್ವಿ ಚಂಡಮಾರುತ ಹೀಗೇ ದಿನಗಟ್ಟಲೆ ಠಿಕಾಣಿ ಹೂಡಿತ್ತು. ಒಂದು ಕಡೆಯಂತೂ ಒಟ್ಟು 150 ಸೆಂ.ಮೀ. ದಾಟಿತು.

ಪ್ರಶ್ನೆ: ಆಗ ತಮಿಳುನಾಡಿನಲ್ಲಿ ಉಕ್ಕಿದ್ದು ನಮ್ಮ ನಂದಿಬೆಟ್ಟದ ಕಡೆಯ ನೀರೇ? – ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಹೊಳೆ ನಮ್ಮದೇ. ನಂದಿ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿಯೇ ಅಲ್ಲಿ ತೆನ್‌ಪೆಣ್ಣೈ. ಆದರೆ ಆ ಸಲ ದೊಡ್ಡ ಮಳೆ ಬಿದ್ದದ್ದು ಕೆಳಗೆ. ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ ಒಂದೇ ದಿನ 50 ಸೆಂ.ಮೀ. ಸುರಿದು ಕೆರೆ ಉಕ್ಕಿತು, ನಿಲ್ಲಿಸಿದ್ದ ವ್ಯಾನು, ಬಸ್ಸುಗಳೇ ತೇಲಿಹೋದವು. ಊತ್ತಂಗರೆ ಸಮುದ್ರದಿಂದ ಎಷ್ಟು ದೂರ! ಅದೇ ಹೊಳೆಗೆ ಕಟ್ಟಿರುವ ಸಾತನೂರು ಅಣೆಕಟ್ಟಿನಿಂದ ಡಿಸೆಂಬರ್ 2ರ ನಸುಕಿನಲ್ಲಿ ಒಂದೂವರೆ ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ನೀರು ಬಿಡಬೇಕಾಯಿತು. ಕೆಳಗಿನ ಊರುಗಳಲ್ಲಿ ಜನ ಮಲಗಿದ್ದ ಹೊತ್ತು ಅದು. ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ತುಮಕೂರಿನವರ ಕೊನೆಯ ಮಾತಿಗೆ ಬರುತ್ತೇನೆ. ಚಂಡಮಾರುತ ಗಂಟೆಗೆ ಎಷ್ಟು ಕಿ.ಮೀ. ಸಾಗುತ್ತಿದೆ ಅಂತ ಹವಾಮಾನ ಇಲಾಖೆ ಪ್ರತಿ ಪ್ರಕಟಣೆಯಲ್ಲೂ ಹೇಳುತ್ತದೆ. ಅದು ಹತ್ತಕ್ಕಿಂತ ಕೆಳಗಿಳಿದರೆ, ಇಲ್ಲಾ ‘ನಿಂತಲ್ಲೇ ಇದೆ’ ಅಂದರೆ, ಗಾಳಿ ಕಮ್ಮಿ ಅಂತ ಸುಮ್ನೆ ಕೂರಬೇಡಿ. ರೆಡ್ ಅಲರ್ಟ್ ಅಂದರೆ ದಿನಕ್ಕೆ 20 ಸೆಂ.ಮೀ.ಗೂ ಜಾಸ್ತಿ ಬೀಳಬಹುದು ಅಂತ. ಮಗಳ ಮನೆ ತಗ್ಗಿನಲ್ಲಿದ್ದರೆ ಬೆಳಕಿರುವಾಗಲೇ ಎತ್ತರದ ಕಡೆಗೆ ಹೋಗಲಿ. ಹೊರಡುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಲಿ, ಕಾಗದಪತ್ರ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಳ್ಳಲಿ. ಹರಿಯುವ ನೀರು ಮೊಣಕಾಲಿನಷ್ಟೇ ಇದ್ದರೂ ಸ್ಕೂಟರಿನಲ್ಲಿ ದಾಟುವುದು ಬೇಡವೇ ಬೇಡ ಅಂತ ಇವತ್ತೇ ಫೋನ್ ಮಾಡಿ ಹೇಳಿ.