ನಲವತ್ತು-ಐವತ್ತರಲ್ಲೇ ಆಲ್‌ಝೈಮರ್ಸ್ (ಮರೆವಿನ ಕಾಯಿಲೆ) ಬರುತ್ತಾ? ಎಷ್ಟು ಸಾಮಾನ್ಯ?

ಬರುತ್ತದೆ, ಆದರೆ ಅಪರೂಪ. 65 ವರ್ಷಕ್ಕೆ ಮೊದಲೇ ಲಕ್ಷಣ ಶುರುವಾದರೆ ಅದನ್ನು ಬೇಗ ಬರುವ ಆಲ್‌ಝೈಮರ್ಸ್ ಅನ್ನುತ್ತಾರೆ. ಒಟ್ಟು ಆಲ್‌ಝೈಮರ್ಸ್ ರೋಗಿಗಳಲ್ಲಿ ಇಂಥವರು ಸುಮಾರು ನೂರಕ್ಕೆ 5 ಮಂದಿ. ಮೂವತ್ತರ ಹರೆಯದಲ್ಲಿ ಬರುವುದಂತೂ ತೀರಾ ವಿರಳ.

ತಮಾಷೆ ಅಂದ್ರೆ, ಈ ಕಾಯಿಲೆ ಮೊದಲು ಗುರುತಾಗಿದ್ದೇ ಇಂಥ ವಯಸ್ಸಿನವರಲ್ಲಿ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಡಾ. ಅಲೋಯ್ಸ್ ಆಲ್‌ಝೈಮರ್ ನೋಡಿದ ಆಗುಸ್ಟೆ ಡೇಟರ್ ಎಂಬ ಮಹಿಳೆಗೆ ಆಗ 51 ವರ್ಷ. ಊಟಕ್ಕೆ ಹೂಕೋಸು, ಹಂದಿ ಮಾಂಸ ತಿನ್ನುತ್ತಿದ್ದಾಕೆಯನ್ನು ‘ಏನು ತಿನ್ನುತ್ತಿದ್ದೀರಿ?’ ಎಂದು ಕೇಳಿದರೆ ‘ಪಾಲಕ್’ ಎಂದಳು. ಗಂಡನ ಹೆಸರು ಕೇಳಿದರೆ ತನ್ನದನ್ನೇ ಹೇಳಿದಳು.

ಎಲ್ಲರಲ್ಲೂ ಮರೆವೇ ಮೊದಲು ಕಾಣಬೇಕೆಂದಿಲ್ಲ. ಕೆಲವರಿಗೆ ಮಾತಿನ ಮಧ್ಯೆ ಪದ ಸಿಗುವುದಿಲ್ಲ. ಇನ್ನು ಕೆಲವರಿಗೆ ಕಣ್ಣು ಸರಿಯಿದ್ದರೂ ಎದುರಿಗಿರುವ ವಸ್ತು ಗುರುತು ಸಿಗದು. ಹಾಗಾಗಿ ಟೆನ್ಷನ್, ಕೆಲಸದ ಒತ್ತಡ ಅಂತ ವರ್ಷಗಟ್ಟಲೆ ತಳ್ಳಿಹಾಕುವುದೇ ಜಾಸ್ತಿ.

ಮನೆತನದಲ್ಲಿ ಬರುತ್ತಾ? ಎಪಿಪಿ, ಪಿಎಸ್‌ಇಎನ್1, ಪಿಎಸ್‌ಇಎನ್2 ಎಂಬ ಜೀನ್‌ಗಳ ದೋಷವಿದ್ದರೆ ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಇಂಥ ಕುಟುಂಬಗಳು ಕಡಿಮೆ.

ಸುಮ್ನೆ ಕೀ ಎಲ್ಲಿಟ್ಟೆ ಅಂತ ಮರೆತರೆ ಗಾಬರಿ ಬೇಡ. ದಿನಾ ಮಾಡುವ ಕೆಲಸವೇ ತಪ್ಪತೊಡಗಿದರೆ ನರರೋಗ ತಜ್ಞರಿಗೆ ತೋರಿಸಿ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಮದ್ದಿದೆ.